ಎರಡು ಬೆರಳಿನಷ್ಟು ಸಂದು

ಚೇರಂಬಾಣೆ ಬಿಡುವಾಗ ಎಂಟೂಕಾಲು.
ಸ್ಕೂಟರಿನಲ್ಲಿ ಕಾಲಿನ ಬಳಿ ಐಸ್ ಡಬ್ಬಿ,
ಡಬ್ಬಿಯೊಳಗೆ ಹದಿನಾರು ಜನರ ರಕ್ತ,
ಹತ್ತೂವರೆಯೊಳಗೆ ಮಡಿಕೇರಿ ಮುಟ್ಟಬೇಕು.

ಮೊದಲು ಕನ್ನಡಕ. ಆಮೇಲೆ ಹೆಲ್ಮೆಟ್ಟಿನ ಗಾಜು.
ಆಮೇಲೆ ಮಂಜು. ಅದರಾಚೆ ಎಲ್ಲೋ ರಸ್ತೆ,
ನಿನ್ನೆ ಸಂಜೆ ಇತ್ತಲ್ಲ ಎಂಬ ನೆನಪಿನ ಮೇಲೆ
ಆಕ್ಸಿಲರೇಟರ್ ತಿರುಗಿಸುವುದು.

ನಾನು ಹಾವೇರಿ ಕಡೆಯವಳು.
ಅಲ್ಲಿ ಮಂಜೆಂದರೆ ಕಾಲು ತೊಳೆಯದೆ ಬಂದು
ಬಿಸಿಲೇರುವ ಮುಂಚೆ ಹೊರಟುಬಿಡುವ ನೆಂಟ.
ಇಲ್ಲಿ ಜೂನಿನಲ್ಲಿ ಬಂದು ಕೂತದ್ದು
ಕಕ್ಕಡ ಮುಗಿದರೂ ಎದ್ದಿಲ್ಲ.

ಗಾಜಿಗೆ ಔಷಧ ಹೇಳದವರಿಲ್ಲ ಈ ಊರಲ್ಲಿ.
ಶೇವಿಂಗ್ ಕ್ರೀಮು ತೆಳ್ಳಗೆ ಸವರಿ ಒಣಗಲು ಬಿಡಿ, ಎಂದ
ಗ್ಯಾರೇಜಿನ ಕುಶಾಲಪ್ಪ, ಗಡ್ಡ ಬಿಟ್ಟವನು.
ಹೆಚ್ಚಿದ ಆಲೂಗೆಡ್ಡೆ ಉಜ್ಜು, ಎಂದರು ಮನೆಯೊಡತಿ ದಮಯಂತಕ್ಕ.
ಉಜ್ಜಿದೆ. ಮೂರು ದಿನ ಸಾಗುವಿನ ವಾಸನೆ,
ನಾಲ್ಕನೇ ದಿನ ಒಂದು ಇರುವೆ
ಗಾಜಿನ ಒಳಮೈಯಲ್ಲಿ ಬೆಟ್ಟಗೇರಿವರೆಗೂ ಜೊತೆಗೆ ಬಂತು,
ಎಡಗಣ್ಣಿನ ಎದುರು, ಆನೆಯ ಗಾತ್ರದಲ್ಲಿ.
ಎರಡು ರೂಪಾಯಿಯ ಶಾಂಪೂ ವಾಸಿ.
ಆದರೆ ಮಳೆ ಸೇರಿದರೆ ನೊರೆ,
ನೊರೆ ಕಣ್ಣಿಗಿಳಿದರೆ ಉರಿ.
ರಸ್ತೆ ಬದಿ ನಿಂತು ಅತ್ತದ್ದುಂಟು
ಯಾವ ದುಃಖವೂ ಇಲ್ಲದೆ.

ಹೊರಗಿನ ಹನಿಗೆ ಕೈಗವಸಿನ ಹೆಬ್ಬೆರಳು ಸಾಕು,
ಒಂದೇ ಎಳೆತ.
ಒಳಗಿನದು ಬೇರೆ ಕುಲ. ಅದು ನಾನೇ ಬಿಟ್ಟದ್ದು,
ಬೆಳಗಿನ ಕಡಂಬುಟ್ಟು, ಬೆಲ್ಲದ ಕಾಫಿ ಸಮೇತ.
ಒರೆಸಿದರೆ ಗೆರೆ. ಗೆರೆಗೆ ಎದುರಿನ ಜೀಪಿನ ಬೆಳಕು ಬಿದ್ದರೆ
ಒಂದು ಜೀಪು ಹನ್ನೊಂದು.
ಹೈಬೀಮ್ ಹಾಕಿದರೋ, ಸುಣ್ಣ ಬಳಿದ ಗೋಡೆ.
ಹಾಗಾಗಿ ಡಿಮ್ಮು. ಹಾಗಾಗಿ ಮುಳ್ಳನ್ನು ಇಪ್ಪತ್ತು ದಾಟಿಸದೆ
ಗಾಜನ್ನು ಎರಡು ಬೆರಳಿನಷ್ಟು ಎತ್ತಿ,
ಮೇಲ್ತುಟಿ ಮುಂದೆ ಚಾಚಿ,
ಉಸಿರನ್ನು ಗಲ್ಲದ ಕಡೆ ಕಳಿಸುತ್ತ,
ಕೊಳಲು ಕಲಿಯಲು ಹೋಗಿ ಬಿಟ್ಟವಳ ಹಾಗೆ.

ಬೆಟ್ಟಗೇರಿ ದಾಟಿದ ಮೇಲೆ ಬಿಳಿ ಗೆರೆಯೂ ಹೋಯಿತು.
ಸಿಲ್ವರ್ ಓಕುಗಳು ಒಂದೊಂದೇ ಬಂದು
ಗುರುತು ಹೇಳದೆ ಹಿಂದೆ ಸರಿದವು.
ಬೆನ್ನ ಹಿಂದೆ ಮಾತ್ರ ಪೋಂ, ಪೋಂ.
ಮೀನಿನ ಮೊಯ್ದು. ಇಪ್ಪತ್ತೆರಡು ವರ್ಷ ಈ ರಸ್ತೆ ತುಳಿದವನು.
ಅವನ ಹೆಲ್ಮೆಟ್ಟಿಗೆ ಗಾಜೇ ಇಲ್ಲ, ಅದರ ಎರಡು ತಿರುಪು ಮಾತ್ರ ಇವೆ.
ಅವನಿದ್ದಾನಲ್ಲ ಎಂದು ಧೈರ್ಯ.
ತಪ್ಪಿದರೆ ಕೂಗುತ್ತಾನೆ,
ಕೂಗದಿದ್ದರೆ ಸರಿ ಇದ್ದೇನೆ.

ಅಪ್ಪಂಗಳದ ತಿರುವಲ್ಲಿ ನಿಲ್ಲಿಸಿದೆ. ಅವನೂ ನಿಂತ.
ಮೊದಲು ಮತ್ತಿ ಮೀನಿನ ವಾಸನೆ ಬಂತು, ಆಮೇಲೆ ಅವನು,
ಹುಬ್ಬಿನ ತುಂಬ ನೀರು.
“ನೀವು ಮುಂದೆ ಹೋಗಿ ಮೊಯ್ದಣ್ಣ, ನನಗೇನೂ ಕಾಣ್ತಿಲ್ಲ.”
ಟವೆಲಿನಿಂದ ಮುಖ ಒರೆಸಿಕೊಂಡ.
“ನನಗೆ ಚೇರಂಬಾಣೆಯಿಂದಲೇ ಕಾಣ್ತಿಲ್ಲ ಮೇಡಂ.
ನಿಮ್ಮ ಕೆಂಪು ಲೈಟ್ ನೋಡ್ಕೊಂಡು ಬಂದೆ.
ನಿಮ್ಮ ಹತ್ರ ಗಾಜಿದೆಯಲ್ಲ.”

ನಕ್ಕೆ. ನಕ್ಕದ್ದಕ್ಕೆ ಗಾಜು ಪೂರ್ತಿ ಬಿಳಿಯಾಯಿತು.

ಲ್ಯಾಬಿನ ಮೇಜಿನ ಮೇಲೆ ಡಬ್ಬಿ ತೆರೆದಾಗ
ಹತ್ತಕ್ಕೆ ಐದು ನಿಮಿಷ ಕಮ್ಮಿ.
ಕೊಳವೆಗಳ ಮೇಲೆಲ್ಲ ಸಾಸಿವೆಯಂಥ ಹನಿ.
ಒಂಬತ್ತನೆಯದರ ಚೀಟಿಯಲ್ಲಿ ಶಾಯಿ ಕದಡಿದೆ.
‘ಪೊನ್ನ’ ಎಂಬಲ್ಲಿಗೆ ನಿಂತು ಮುಂದೆ ನೀಲಿ ಮೋಡ.
ಪೊನ್ನಪ್ಪನೋ, ಪೊನ್ನಮ್ಮನೋ.

ಎಡಗೈ ಹೆಬ್ಬೆರಳು ತಾನಾಗಿ ಎದ್ದು ಬಂತು,
ಬೆಳಗೆಲ್ಲ ಒರೆಸಿ ರೂಢಿಯಾದ ಬೆರಳು.
ತಡೆದೆ.
ಒರೆಸಿದರೆ ಇದ್ದ ಅರ್ಧವೂ ಹೋದೀತು.
ಕನ್ನಡಕ ತೆಗೆದಿಟ್ಟು,
ಕೊಳವೆಯನ್ನು ಕಿಟಕಿಯ ಕಡೆ ಹಿಡಿದು
ಮೆಲ್ಲಗೆ ಊದಿದೆ,
ಇನ್ನೊಮ್ಮೆ ಊದಿದೆ.